ಗೋಡೆಯಾಚೆಯ ಟಿವಿ

ಬೆಳಗೋಡು,
ಫೆಬ್ರವರಿ 9, 2025

ಮುದ್ದು ಧನುಶ್ರೀಗೆ ಅಮ್ಮನ ಆಶೀರ್ವಾದಗಳು.

ಕೈಯಲ್ಲಿ ಫೋನ್ ಇದ್ದೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಿ ಬರೆದದ್ದು ಯಾರ ಟಿವಿಯಲ್ಲಿ ಮೂಡುತ್ತದೋ ಎಂಬ ಭಯ ನನಗೀಗ.

ನೀನು ಹೇಳಿಕೊಟ್ಟಂತೆ ಫೋನಿನಲ್ಲಿರುವುದನ್ನು ಟಿವಿಯಲ್ಲಿ ನೋಡೋಣವೆಂದು ಸೋಮವಾರ ಸಂಜೆ ಕೂತೆ. ವೈರಿಲ್ಲದೆ ಅದು ಹೇಗೆ ಹೋಗುತ್ತದೋ, ದಾರಿಯಲ್ಲೇನಾದರೂ ಸಿಗುತ್ತದೆಯೇ ಎಂದು ಫೋನಿಗೂ ಟಿವಿಗೂ ನಡುವೆ ಕೈಯಾಡಿಸಿ ನೋಡಿದೆ. ‘ಇವಳಿಗೆ ಏನೋ ಆಗ್ಬುಟ್ಟೈತೆ’ ಎಂದು ನಿಮ್ಮಪ್ಪ ಕಾಫಿ ಕಣಕ್ಕೆ ಎದ್ದುಹೋದರು. ಫೋನಿನಲ್ಲಿ ಒಂದೇ ಹೆಸರಿನ ಎರಡು ಟಿವಿ ಕಂಡವು. ಮೇಲಿನದನ್ನು ಒತ್ತಿ ನಿನ್ನ ಪಾಪುವಿನ ನಾಮಕರಣದ ವಿಡಿಯೋ ಹಾಕಿದೆ. ನಮ್ಮ ಟಿವಿ ಕಪ್ಪಗೇ ಇತ್ತು. ಸ್ವಲ್ಪ ಹೊತ್ತಿಗೆ ತೊಟ್ಟಿಲ ಹಾಡು ಗೋಡೆಯ ಆ ಕಡೆಯಿಂದ ಕೇಳಿಬಂತು.

ಆ ಕಡೆ ನಿನ್ನ ದೊಡ್ಡಪ್ಪನ ಮನೆ. ಪಾಲಾಗುವ ಮೊದಲು ಸಕಲೇಶಪುರದ ಒಂದೇ ಅಂಗಡಿಯಿಂದ ಅಣ್ಣತಮ್ಮ ಜೋಡಿಯಾಗಿ ತಂದ ಟಿವಿಗಳಲ್ಲವೇ ಅವು. ಹಜಾರದ ನಡುವೆ ಗೋಡೆ ಎದ್ದ ಮೇಲೆ ಸುಲೋಚನಕ್ಕ ನನ್ನೊಡನೆ ಮಾತು ಬಿಟ್ಟರು. ನಿನ್ನನ್ನು ಸೊಂಟದಿಂದ ಇಳಿಸದ ದೊಡ್ಡಮ್ಮ, ಆಲೂರಿನ ನಿನ್ನ ಮನೆಯಲ್ಲಾದ ನಾಮಕರಣಕ್ಕೆ ಬರಲಿಲ್ಲ. ಪಾಪುವನ್ನು ಇವತ್ತಿನವರೆಗೂ ಎತ್ತಿಕೊಂಡಿಲ್ಲ. ನನ್ನ ಕೊರಗು ಅದೊಂದೇ.

ನಿಲ್ಲಿಸಲು ಹೋದರೆ ಯಾವುದನ್ನು ಒತ್ತಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ವಿಡಿಯೋದೊಳಗಿನ ನನ್ನದೇ ದನಿ ಗೋಡೆಯಾಚೆಯಿಂದ ಬಂತು: ‘ಅಕ್ಕ ಇಲ್ದೆ ತೊಟ್ಲಿಗೆ ಹಾಕಕ್ಕೆ ನಂಗೆ ಕೈಯೇ ಬರ್ತಿಲ್ಲ ಕಣ್ರೀ.’ ನಾಚಿಕೆಯಿಂದ ಮುಖ ಬಿಸಿಯಾಯಿತು. ‘ಯಾರ ಮಗುವೇ ಅದು?’ ಎಂದು ನಿನ್ನ ದೊಡ್ಡಪ್ಪ ಕೇಳಿದರು. ಅಕ್ಕ ಏನೆಂದರೋ, ಗೋಡೆಗೆ ಕಿವಿಯಿಟ್ಟರೂ ಕೇಳಲಿಲ್ಲ.

ಅಂದಿನಿಂದ ದಿನಾ ಸಂಜೆ ನೀನು ಕಳಿಸುವ ವಿಡಿಯೋ ತಪ್ಪಿ ಅಲ್ಲಿಗೇ ಹೋಗುತ್ತಿದೆ. ನನಗೆ ವಯಸ್ಸಾಯಿತು, ಬೆರಳು ನಿಲ್ಲುವುದಿಲ್ಲ ಎಂದುಕೋ. ಅಕ್ಕ ಇಷ್ಟಪಟ್ಟು ನೋಡುತ್ತಿದ್ದಾರೋ, ಟಿವಿ ಆರಿಸಲು ತಿಳಿಯದೆ ಸಹಿಸುತ್ತಿದ್ದಾರೋ ಗೊತ್ತಾಗದೆ ತಲೆ ಕೆಟ್ಟಿದೆ. ಎದುರು ನಿಂತು ಕೇಳುವ ಧೈರ್ಯ ನನಗಿಲ್ಲ.

ಪಾಪುವಿಗೆ ಹಲ್ಲು ಬಂತೇ? ಬರೆ.

ನಿನ್ನ ಅಮ್ಮ,
ಪುಷ್ಪಾ

ಮರೆತ ಮಾತು: ಕಾಗದ ಮಡಿಸುವ ಮುಂಚೆ ಕೆಳಗಿನ ಹೆಸರನ್ನು ಒತ್ತಿ ನಮ್ಮ ಟಿವಿಗೇ ಜೋಡಿಸಿ ನೋಡಿದೆ. ಚಿತ್ರ ಬರುವ ಮೊದಲು ಟಿವಿ, ಫೋನಿಗೆ ನೀನಿಟ್ಟ ‘ಪುಷ್ಪಾ’ ಎಂಬ ನನ್ನ ಹೆಸರು ತೋರಿಸಿ, ಒಪ್ಪಿಗೆಯೇ ಎಂದು ಕೇಳಿತು. ರಿಮೋಟ್ ಒತ್ತುವವರೆಗೂ ಏನೂ ಮೂಡಲಿಲ್ಲ. ಮತ್ತೆ ಹಾಕಿದರೆ ಮತ್ತೆ ಕೇಳಿತು. ಧನು, ಆ ಮನೆಯಲ್ಲಿ ದಿನಾ ಯಾರೋ ನನ್ನ ಹೆಸರು ಓದಿ ಒಪ್ಪಿಗೆ ಒತ್ತಿದ್ದಾರೆ. ಅಲ್ಲಿರುವ ಇಬ್ಬರಲ್ಲಿ ನಿನ್ನ ದೊಡ್ಡಪ್ಪನಿಗಂತೂ ರಿಮೋಟ್ ಹಿಡಿಯಲೂ ಬರುವುದಿಲ್ಲ. ಪಾಪುವನ್ನು ಎತ್ತಿಕೊಂಡು ಬೇಗ ಬಾ.