ಎರಡನೇ ಕೋಟು ಬಾಕಿ

ಸೋಮವಾರ, ಮಧ್ಯಾಹ್ನ

ಶ್ರೀಮದಖಂಡ ಕೋಪಮಂಡಲಾಧೀಶ್ವರಿ, ಕಿವಿ ಹಿಂಡುವ ವಿದ್ಯೆಯಲ್ಲಿ ಅದ್ವಿತೀಯೆ, ನಮ್ಮ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಪಾರ್ಕಿನ ಸಮಸ್ತ ಮುರುಕು ಬೆಂಚುಗಳ ಮೇಸ್ತ್ರಿಯಾದ ತಂಗಿ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ —

ಕಾಗದ ತಡವಾಯಿತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಮುಂದೆ ನಗುವುದಿದೆ.

ವರ್ಷಗಟ್ಟಲೆ ಕೆಲಸ ಸಿಗದವರಿಗೆ ಸರ್ಕಾರವೇ ಸಂಬಳ ಕೊಟ್ಟು ಊರಿನ ಕೆಲಸಕ್ಕೆ ಹಚ್ಚುವ ಯೋಜನೆಗೆ ನಾನೂ ಅಪ್ಪನೂ ಸೇರಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ನಮ್ಮನ್ನು ಒಂದೇ ತಂಡಕ್ಕೆ ಹಾಕಿ, ನನ್ನನ್ನು ಅಪ್ಪನ ಮೇಲೆ ಮೇಸ್ತ್ರಿ ಮಾಡಿದರು! ಮೇಲ್ವಿಚಾರಕರು ಮೊದಲ ದಿನವೇ, "ಇಲ್ಲಿ ಅಪ್ಪ-ಮಗಳು ಅಂತೆಲ್ಲ ನಡೆಯಲ್ಲ. ನೀವು, ತಾವು ಅಂತಲೇ ಮಾತಾಡ್ಬೇಕು" ಅಂದರು. ಅಪ್ಪ ತಲೆಯಾಡಿಸಿದರು, ಅಷ್ಟೇ. ಬಟ್ಟೆ ಗಿರಣಿ ಮುಚ್ಚಿದ ಮೇಲೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟೇಳದ ಮನುಷ್ಯ. ಗಿರಣಿಯ ಜೊತೆ ಬಾಯಿಗೂ ಬೀಗ ಬಿದ್ದಿತ್ತು. ಯೋಜನೆ ಮುಗಿದಾಗ ತಂಡದಲ್ಲಿ ಒಬ್ಬರನ್ನು ಮಾತ್ರ ಖಾಯಂ ಮಾಡುತ್ತಾರೆಂದು ತಿಳಿದಾಗಿನಿಂದ ಅಮ್ಮನದು ಒಂದೇ ಜಪ: "ಮತ್ತೆ ಆ ಕುರ್ಚಿಗೆ ಬಿದ್ರೆ ಇವರನ್ನ ಏಳಿಸೋರು ಯಾರೇ?"

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ, "ಮೇಸ್ತ್ರಿಗಳೇ, ತಾವು ಸ್ವಲ್ಪ ಉಪ್ಪು ದಯಪಾಲಿಸ್ತೀರಾ?" ಅಂದರು. ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು!

ಇನ್ನು ಮುಖ್ಯ ಪ್ರಸಂಗ. ಬೆಂಚಿಗೆ ಹಸಿರು ಬಳಿದು 'ಬಣ್ಣ ಹಸಿ ಇದೆ, ಕೂರಬೇಡಿ' ಅಂತ ಬೋರ್ಡು ತೂಗುಹಾಕಿದ್ದೆವು. ನನ್ನ ಕೈ ಸುಮ್ಮನಿರಬೇಕಲ್ಲ! ಅದನ್ನು ಕಿತ್ತು ಒಣಗಿದ ಬೆಂಚಿಗೆ ಹಾಕಿದೆ. ತಾತನೊಬ್ಬ ಬೆರಳಿಂದ ಮುಟ್ಟಿ, ಮೂಸಿ, ಅನುಮಾನದಲ್ಲೇ ಹೊರಟುಹೋದ. ಅದನ್ನು ನೋಡಿ ಹಲ್ಲು ಕಿಸಿಯುತ್ತಿರುವಾಗಲೇ ಮೇಲ್ವಿಚಾರಕರು ಬಿಳಿ ಪ್ಯಾಂಟಿನಲ್ಲಿ ಬಂದು ಹಸಿ ಬೆಂಚಿನ ಮೇಲೆ ಆಸೀನರಾದರು. ಎದ್ದಾಗ ಹಿಂದೆ ಹಸಿರು ಪಟ್ಟೆಗಳು!

"ಯಾರ್ರೀ ಬೋರ್ಡ್ ಕಿತ್ತಿದ್ದು?"

ನಾನು ಮೆಲ್ಲಗೆ ಮರದ ಹಿಂದೆ ಸರಿದೆ. ಅಷ್ಟರಲ್ಲಿ ಅಪ್ಪ ಸೀಮೆಎಣ್ಣೆ ಬಟ್ಟೆ ಹಿಡಿದು, ಅವರ ಹಿಂದೆ ಮಂಡಿಯೂರಿ, ಗಂಭೀರವಾಗಿ ಉಜ್ಜತೊಡಗಿದರು. "ಅಲ್ಲಾಡಬೇಡಿ ಸಾರ್. ಎರಡನೇ ಕೋಟು ಬಾಕಿ ಇದೆ."

ಪಾರ್ಕಿಗೆ ಪಾರ್ಕೇ ಹೋ ಅಂದಿತು. ಅಪ್ಪನೂ ನಕ್ಕರು ಅಕ್ಕಾ, ಮಗ್ಗಗಳ ಸದ್ದನ್ನೂ ಮೀರಿ ಕೇಳಿಸುತ್ತಿತ್ತಲ್ಲ, ಅದೇ ಹಳೆಯ ನಗೆ. ಮೇಲ್ವಿಚಾರಕರು ಕೋಪ ಹಿಡಿದಿಡಲು ನೋಡಿದರು, ಆಗಲಿಲ್ಲ.

ಕೊನೆಯ ದಿನ ಅವರೇ ಹೇಳಿದರು: "ಬಣ್ಣ ಯಾರಾದ್ರೂ ಬಳೀತಾರೆ. ಪಾರ್ಕಿಗೆ ಬರೋರ ಜೊತೆ ನಗೋರು ನಮಗೆ ಬೇಕು." ಖಾಯಂ ಆದವರು ಅಪ್ಪ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನು. ಈಗ ಬೆಳಿಗ್ಗೆ ಸಿಳ್ಳೆ ಹಾಕುತ್ತಾ ಹೊರಡುತ್ತಾರೆ. ಅಮ್ಮ ಸುಳ್ಳುಸುಳ್ಳೇ ಬೈಯುತ್ತಾಳೆ.

ಭಾವನಿಗೆ ನಮಸ್ಕಾರ, ಪುಟ್ಟನಿಗೆ ನೂರು ಮುತ್ತು. ನಿನ್ನ ಸಂಸಾರ ಹಸಿ ಬಣ್ಣದ ಹಾಗೆ ಸದಾ ಹೊಳೆಯುತ್ತಿರಲಿ.

ಇಂತು,
ಮಾಜಿ ಮೇಸ್ತ್ರಿ

ತಾ.ಕ.: ಕಿಟಕಿ ಪಕ್ಕದ ಆ ಕುರ್ಚಿಯಲ್ಲೇ ಕೂತು ಇದನ್ನು ಬರೆದೆ. ಬೆಳಿಗ್ಗೆಯಿಂದ ಎದ್ದಿಲ್ಲ. ಎಷ್ಟು ಹಿತವಾಗಿದೆ ಅಂತೀಯ! ಅದೇ ಭಯ ಅಕ್ಕಾ. ಒಮ್ಮೆ ಬಂದು ಕಿವಿ ಹಿಂಡಿ ಏಳಿಸು.