ಸಿಳ್ಳೆಗೆ ಉತ್ತರ

ಗ್ವಾದಲಹಾರಾ
ಮಾರ್ಚ್ ೧೪, ಗುರುವಾರ

ನನ್ನ ಮುದ್ದು ನಾಯೆಲಿ,

ನಿನ್ನ ಮೇಲೆ ಇನ್ನೂ ಸಿಟ್ಟಿದೆ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ.

ನಮ್ಮ ಬೀದಿಯ ಒಂದೊಂದು ಮನೆಯವರು ಮಕ್ಕಳನ್ನು ಕರೆಯುವ ಸಿಳ್ಳೆಯನ್ನು ರೆಕಾರ್ಡ್ ಮಾಡಿ ಪೆಟ್ಟಿಗೆಗಳಲ್ಲಿ ತುಂಬಿ, ಪಾರ್ಕಿನ ಮರಗಳಿಗೆ ಕಟ್ಟಿ ಹೋದೆಯಲ್ಲ, ಅದಕ್ಕೆ ನೀನು ಕಲೆ ಅನ್ನುತ್ತೀಯ. ಪಾರ್ಕ್ ಕಾಯುವ ದೋನ್ ಕುಕೋ ಸಿಳ್ಳೆ ಪೆಟ್ಟಿಗೆ ಅನ್ನುತ್ತಾರೆ. ಹಕರಾಂದಾ ಮರದಲ್ಲಿ ದಿನಾ ಸಂಜೆ ಕೂಗುವುದು ನನ್ನ ಸಿಳ್ಳೆ. ಹಳೆಯ ವಿಡಿಯೊದಿಂದ ಎತ್ತಿಕೊಂಡೆಯಂತೆ, ನನ್ನನ್ನೊಂದು ಮಾತು ಕೇಳಲಿಲ್ಲ. ರಾತ್ರಿಯೂಟಕ್ಕೆ ಬರುತ್ತೇನೆಂದು ಹೋದ ನಿನ್ನ ತಮ್ಮ ಎಫ್ರೇನ್ ಎರಡು ವರ್ಷವಾದರೂ ಬಂದಿಲ್ಲ. ಅಂದಿನಿಂದ ನಾನು ಸಿಳ್ಳೆ ಹಾಕಿಲ್ಲ. ನಿನಗೆ ಗೊತ್ತಿತ್ತು.

ಮೂರು ಉದ್ದ ಎಂದರೆ ಮನೆಗೆ ಬನ್ನಿ. ಅದಕ್ಕೆ ನೀವಿಬ್ಬರು ಕೊಡುತ್ತಿದ್ದ ಉತ್ತರ ಎರಡು ಗಿಡ್ಡ, ಕೊನೆಗೊಂದು ಏರು, ಎಂದರೆ ಬಂದೆ. ಉತ್ತರವನ್ನು ನೀನು ಪೆಟ್ಟಿಗೆಗೆ ಹಾಕಿಲ್ಲ. ನಮ್ಮ ಮನೆಯವರನ್ನು ಬಿಟ್ಟು ಅದು ಯಾರಿಗೂ ಗೊತ್ತಿಲ್ಲ.

ಮಂಗಳವಾರ ಸಂಜೆ ಪಾರ್ಕಿನಲ್ಲಿ ಉತ್ತರ ಬಂತು. ಕೈಯಲ್ಲಿದ್ದ ಆತೋಲೆ ಗಂಜಿಯ ಲೋಟ ಬಿದ್ದೇ ಹೋಯಿತು. ವಾದ್ಯದವರ ಮಂಟಪದ ಸುತ್ತ ಓಡಿದೆ, ಅವನ ಹೆಸರು ಹಿಡಿದು ಕೂಗಿದೆ. ಜನ ನೋಡಿದರು. ನೋಡಲಿ.

ದೋನ್ ಕುಕೋ ಬಂದು ತೋಳು ಹಿಡಿದು ಮೇಲೆ ತೋರಿಸಿದರು. “ಅದು ಸೆನ್ಸೋಂತ್ಲೆ ಹಕ್ಕಿ ಅಮ್ಮಾವ್ರೆ. ಕೇಳಿದ್ನೆಲ್ಲ ಅಣಕಿಸುತ್ತೆ, ಮುಂಡೇದು. ಹೋದ ವಾರ ಐಸ್‌ಕ್ರೀಮ್ ಗಾಡಿ ಗಂಟೆ ಥರಾನೇ ಕೂಗ್ತು, ಹುಡುಗ್ರೆಲ್ಲ ಕಾಸು ಹಿಡ್ಕೊಂಡು ಓಡ್ಬಂದ್ರು.”

ನಾನೇನು ದಡ್ಡಿಯಲ್ಲ. ಹಕ್ಕಿ ಕೇಳಿದ್ದನ್ನೇ ಹೇಳುತ್ತದೆ, ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಹಾಗಾದರೆ ಅದಕ್ಕೆ ಕಲಿಸಿದವರು ಯಾರು? ಎಫ್ರೇನ್ ಪಾರ್ಕಿಗೆ ಬರುತ್ತಿದ್ದಾನೆ. ಯಾರಿಗೋ ಹೆದರಿ ಮನೆಗೆ ಬರುತ್ತಿಲ್ಲ, ಅಷ್ಟೆ.

ಭಾನುವಾರ ಪೆಟ್ಟಿಗೆಗಳನ್ನೆಲ್ಲ ಬಿಚ್ಚುತ್ತಾರಂತೆ. ಹೇಗಾದರೂ ಹೇಳಿ ನನ್ನದೊಂದನ್ನು ಉಳಿಸು. ಅವನನ್ನು ವಿಚಾರಿಸಲು ಹೋದ ಠಾಣೆ, ಕಚೇರಿಗಳಲ್ಲೆಲ್ಲ ನನ್ನನ್ನು ಕಂಡೊಡನೆ ಅವರಿಗೆ ಊಟದ ಹೊತ್ತಾಗುತ್ತದೆ. ಈ ಊರಲ್ಲಿ ಅವನನ್ನು ಕರೆಯುತ್ತಿರುವುದು ಈಗ ಆ ಪೆಟ್ಟಿಗೆಯೊಂದೇ. ನನಗೆ ಭಯವಾಗುತ್ತಿದೆ ಮಗಳೇ.

ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಮ್ಮ,
ಒಫೆಲಿಯಾ

ಮರೆತ ಮಾತು: ಅಂಚೆಗೆ ಹಾಕುವ ಮುನ್ನ ಇದನ್ನು ದೋನ್ ಕುಕೋಗೆ ಓದಿ ಹೇಳಿದೆ. ಅವರು ಟೋಪಿ ತೆಗೆದು ಪಕ್ಕದಲ್ಲಿ ಕೂತರು. ಆಮೇಲೆ, “ದಿನಾ ಸಂಜೆ ಆ ಮರದಡಿ ನಿಂತು ಉತ್ತರ ಕೊಡೋದು ನೀವೇ ಅಲ್ವ ಅಮ್ಮಾವ್ರೆ?” ಅಂದರು. ಸಿಳ್ಳೆ ಹಾಕಿಲ್ಲ ಎಂದು ಬರೆದದ್ದು ಸುಳ್ಳು, ಹಕ್ಕಿ ಕಲಿತದ್ದು ನನ್ನಿಂದಲೇ. ನನ್ನದೇ ಸಿಳ್ಳೆ ಕರೆದು ಕರೆದು ಸುಮ್ಮನಾಗುವುದನ್ನು ಕೇಳಲು ನನ್ನಿಂದ ಆಗಲಿಲ್ಲ. ಪೆಟ್ಟಿಗೆ ಬಿಚ್ಚಿಸಿಬಿಡು. ಭಾನುವಾರ ನೀನೇ ಬಾ, ನಾನು ಬಾಗಿಲಲ್ಲಿ ನಿಂತು ಕರೆಯುತ್ತೇನೆ. ಆ ಹಕ್ಕಿಯನ್ನು ಬಿಟ್ಟರೆ, ಬಂದೆ ಅನ್ನಲು ನನಗಿನ್ನು ಉಳಿದಿರುವುದು ನೀನೊಬ್ಬಳೇ.