ಎರಡು ಕಂಬಳಿ, ಆರು ಸಾಕ್ಷಿ

ಕ್ಷಮಾದಾನ ಅರ್ಜಿಗಳ ವಿಭಾಗದ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು ಹೊಡೆದುಹಾಕಿದ್ದೇನೆ. ನೀವು ಮಾನ್ಯರೆಂದು ನಂಬಲು ನನಗೂ ಮೂರು ಜನರ ಪತ್ರ ಬೇಕು. ನನ್ನ ದೂರು ಇಷ್ಟೇ: ನನ್ನ ಹೆಸರಿನ ಮೇಲಿರುವ ಕಳ್ಳತನದ ದಾಖಲೆಯನ್ನು ಅಳಿಸಿ ಎಂದು ಅರ್ಜಿ ಹಾಕಿದೆ. ನೀವು ಅಳಿಸಲಿಲ್ಲ, ಊರಿಗೆಲ್ಲ ಹಂಚಿದಿರಿ.

ಇಪ್ಪತ್ತೇಳು ವರ್ಷಗಳ ಹಿಂದೆ, ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ನಮ್ಮ ದಕ್ಷಿಣ ಆಫ್ರಿಕಾದ ಜುಲೈ ಚಳಿಗಾಲದಲ್ಲಿ ಕೆಮ್ಮುತ್ತಿದ್ದ ನನ್ನ ತಾಯಿಗೆಂದು ಎರಡು ಕಂಬಳಿ ಕದ್ದೆ. ಹೌದು, ಕದ್ದೆ. ಗೇಟಿನಲ್ಲೇ ಸಿಕ್ಕಿಬಿದ್ದೆ, ಶಿಕ್ಷೆಯನ್ನೂ ಅನುಭವಿಸಿದೆ. ಆಮೇಲೆ ಈ ಮ್ದಾನ್ಸಾನೆ ಊರಿಗೆ ಬಂದು ನೆಲೆಸಿದೆ. ಇಲ್ಲಿ ಯಾರಿಗೂ ಹೇಳಲಿಲ್ಲ. ಆರು ವರ್ಷಗಳಿಂದ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಗಂಜಿ ಕುದಿಸಿ ಬಡಿಸುತ್ತಿದ್ದೇನೆ. ಕಳೆದ ವರ್ಷ ಹೊಸ ನಿಯಮ ಬಂತು: ಮಕ್ಕಳ ನಡುವೆ ಕೆಲಸ ಮಾಡುವವರು ಕಳಂಕವಿಲ್ಲದ ಪೊಲೀಸ್ ಪ್ರಮಾಣಪತ್ರ ತರಬೇಕು. ನನ್ನ ಗಡುವು ಈ ತಿಂಗಳ ಮೂವತ್ತು. ಅಷ್ಟರೊಳಗೆ ತರದಿದ್ದರೆ ಸೌಟು ಕೆಳಗಿಟ್ಟು ಮನೆಗೆ ನಡೆಯಬೇಕು.

ನಿಮ್ಮ ಅರ್ಜಿ ನಮೂನೆಯ ಒಂಬತ್ತನೆಯ ಕಲಮು ನೋಡಿ. ಅರ್ಜಿದಾರಳ ಬಂಧುಗಳಲ್ಲದ ಮೂವರು ಗೌರವಸ್ಥರು, ಆಕೆಯ ಅಪರಾಧವನ್ನು ಪೂರ್ಣವಾಗಿ ಅರಿತವರಾಗಿ, ಸ್ವಹಸ್ತದಿಂದ ಪತ್ರ ಬರೆಯತಕ್ಕದ್ದು! ಮರೆಸಬೇಕಾದ ವಿಷಯವನ್ನು ಮೊದಲು ಮೂವರಿಗೆ ಬಾಯಿಪಾಠ ಮಾಡಿಸಬೇಕೆ? ಇದು ಯಾವ ಬುದ್ಧಿವಂತರ ತಲೆಯಿಂದ ಇಳಿದ ಉಪಾಯ? ಆದರೂ ಹೋದೆ. ಹೆಡ್‌ಮಿಸ್ಟ್ರೆಸ್ ಬರೆದುಕೊಟ್ಟರು. ಕ್ಲಿನಿಕ್ಕಿನ ನರ್ಸ್ ಕೂಡ ಬರೆದುಕೊಟ್ಟರು. ಮೂರನೆಯವಳು ಮಾಬೇಲೆ, ನಮ್ಮ ಗುರುವಾರದ ಪ್ರಾರ್ಥನೆಯ ಹೆಂಗಸರ ಗುಂಪಿನ ಮುಖಂಡೆ. ಚಹಾ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅಯ್ಯೋ ಮಾಜೋಲಾ! ಇಷ್ಟು ವರ್ಷ ನನ್ ಪಕ್ಕದಲ್ಲೇ ಕೂತು ಹಾಡಿದ್ಯಲ್ಲೇ, ಒಂದ್ ಮಾತೂ ಬಾಯ್ಬಿಡ್ಲಿಲ್ವಲ್ಲೇ!”

“ಈಗ ಬಿಟ್ಟಿದೀನಲ್ಲ ಅಕ್ಕಾ. ಯಾರಿಗೂ ಹೇಳ್ಬೇಡ.”

“ಛೆ ಛೆ, ನಾನ್ಯಾಕೆ ಹೇಳ್ಲಿ?” ಎಂದಳು. ಪತ್ರವನ್ನು ಚೆನ್ನಾಗಿಯೇ ಬರೆದಳು. ಅದನ್ನು ಎಷ್ಟು ಜನರಿಗೆ ಓದಿ ಹೇಳಿದಳೋ ದೇವರಿಗೇ ಗೊತ್ತು.

ನಮ್ಮಲ್ಲಿ ಮದುವೆಯೆಂದರೆ ಹೆಣ್ಣಿನ ಕಡೆಯವರು ಬೀಗರಿಗೆಲ್ಲ ಕಂಬಳಿ ಹೊದಿಸಬೇಕು. ಆ ಕಂಬಳಿಗಳ ಕೋಣೆಯ ಕಾವಲು, ಹತ್ತು ವರ್ಷಗಳಿಂದ, ಯಾರ ಮನೆಯ ಮದುವೆಯಾದರೂ ನನ್ನದೇ. ನಗಬೇಡಿ. ಒಂದೇ ಒಂದು ಕಂಬಳಿ ಯಾವತ್ತೂ ಕಡಿಮೆ ಬಂದಿಲ್ಲ. ಕಳೆದ ತಿಂಗಳು ಮಾಬೇಲೆಯ ಮಗಳ ಮದುವೆ. ಅಭ್ಯಾಸಬಲದಿಂದ ನೇರ ಆ ಕೋಣೆಗೇ ಹೋದೆ. ಮಾಬೇಲೆ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಈ ಸಲ ನೀನ್ ಸುಮ್ನೆ ಹೊರಗೆ ಕೂತ್ಕೊಳ್ಳೇ. ಪಾಪ, ಸುಸ್ತಾಗಿದೀಯ.”

ನನಗೆ ಸುಸ್ತಾಗಿರಲಿಲ್ಲ ಸ್ವಾಮಿ. ನ್ಯಾಯಾಲಯದಲ್ಲಿ ನಿಂತಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಹೋಗಲಿ, ಕಾಗದವಾದರೂ ಸಿಕ್ಕೀತೆಂದು ಮೊನ್ನೆ ನಿಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆಯ ಗುಮಾಸ್ತ ಕಡತ ಮಗುಚಿದ.

“ಅಮ್ಮಾ, ಈ ಪತ್ರಗಳು ಆರು ತಿಂಗ್ಳು ಹಳೇವಾದ್ವು, ನಡೆಯಲ್ಲ. ಹೊಸದು ತನ್ನಿ.”

“ಅದೇ ಮೂವರ ಹತ್ರ ಬರೆಸ್ಲಾ ಮಗಾ?”

“ಅವರದು ಆಗ್ಹೋಯ್ತಲ್ಲ. ಬೇರೆ ಮೂರು ಜನ ಬೇಕು.”

“ಆರು ತಿಂಗ್ಳು ಅವು ಮಲಗಿದ್ದು ಯಾರ ಮೇಜಿನ ಮೇಲೆ?”

“ಅದನ್ನ ನನ್ ಕೇಳ್ಬೇಡಿ.”

ಸರಿ, ನಿಮ್ಮನ್ನು ಕೇಳುತ್ತೇನೆ. ನನ್ನ ಪತ್ರಗಳನ್ನು ಹಳಸಲು ಬಿಟ್ಟವರು ಯಾರು? ಕೈಮರೆವೋ, ಬೇಕೆಂದೇ ಮಾಡಿದ್ದೋ? ಗಡುವು ಮುಗಿದರೆ ಅರ್ಜಿಯೂ ತಾನಾಗಿ ಸಾಯುತ್ತದೆಂಬ ಲೆಕ್ಕಾಚಾರವೇ? ನನಗಂತೂ ಅನುಮಾನ. ಮೂವರಿಗೆ ಗೊತ್ತಾದದ್ದಕ್ಕೇ ಕಂಬಳಿ ಕೋಣೆಯ ಬಾಗಿಲು ಮುಚ್ಚಿತು. ಇನ್ನೂ ಮೂವರಿಗೆ ಗೊತ್ತಾದರೆ ಯಾವ ಬಾಗಿಲು ಉಳಿಯುತ್ತದೆ? ಅದಕ್ಕೇ ಬಾಗಿಲು ಬಾಗಿಲು ಅಲೆಯುವುದನ್ನು ಬಿಟ್ಟು, ನಿಮಗೆ ಬರೆದ ಈ ಪತ್ರವನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ಇನ್ನು ಗುಟ್ಟಿನ ಕಾಟವಿಲ್ಲ.

ನನ್ನ ಬೇಡಿಕೆ ಒಂದೇ. ಒಂಬತ್ತನೆಯ ಕಲಮನ್ನು ಮತ್ತೊಮ್ಮೆ ಓದಿ. ನೀವು ನನ್ನ ಬಂಧುವಲ್ಲ. ಗೌರವಸ್ಥರೆಂದು ನಿಮ್ಮ ಕುರ್ಚಿಯೇ ಹೇಳುತ್ತದೆ. ನನ್ನ ಅಪರಾಧವನ್ನು ನಿಮ್ಮಷ್ಟು ಪೂರ್ಣವಾಗಿ ಅರಿತವರು ಈ ದೇಶದಲ್ಲೇ ಇಲ್ಲ. ಆದ್ದರಿಂದ ಹೊಸ ಸಾಕ್ಷಿಗಳಲ್ಲಿ ಮೊದಲನೆಯವರು ನೀವೇ ಆಗಿ. ಉಳಿದಿಬ್ಬರನ್ನು ನಿಮ್ಮ ಅಕ್ಕಪಕ್ಕದ ಮೇಜುಗಳಿಂದ ಕರೆಯಿರಿ. ಮೂವತ್ತರೊಳಗೆ, ಸ್ವಹಸ್ತದಿಂದ ಬರೆಯಿರಿ. ಒಂದು ಪ್ರತಿ ಮಾಬೇಲೆಗೂ ಕಳಿಸಿ.

ಇಂತಿ,
ಹೊರಗೆ ಕೂತಿರುವ,
ಫುಮ್ಲಾ ಮಾಜೋಲಾ